ಒಂದೇ ಹೆಸರಿನ ಎರಡು ಮಡಿಕೇರಿಗಳು: ಬ್ಯಾಕಪ್ ಕೆಲಸದ ಮೂರನೇ ತಿಂಗಳು

ಮನೆಯ ಫೋಟೋ, ಕಾಗದಗಳನ್ನು ಬ್ಯಾಕಪ್ ಡಿಸ್ಕಿಗೆ ನಕಲು ಮಾಡುವಾಗ ಒಂದೇ ಹೆಸರಿನ ಫೋಲ್ಡರುಗಳು ಎರಡೆರಡಾಗಿ, ಹನ್ನೊಂದು ದಿನಗಳಿಂದ ಕಾಡುತ್ತಿದ್ದ ತೊಂದರೆ ನಿನ್ನೆ ರಾತ್ರಿ ಬಗೆಹರಿಯಿತು. ಡಿಸ್ಕ್ ಜೋಡಿಸಿದ್ದು, ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದ್ದು, ಡಿಸ್ಕಿನಲ್ಲಿ ಎಕ್ಸ್‌ಟ್4 (ಲಿನಕ್ಸ್ ಕಡತಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಂ) ವಿಭಾಗ ಮಾಡಿದ್ದು ಎಲ್ಲರೂ ಬಲ್ಲ ಕೆಲಸಗಳಾದ್ದರಿಂದ ಅವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮನೆಯ ಫೋಟೋಗಳೆಲ್ಲ ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಫೈಲ್ ಸಿಸ್ಟಂ) ಡಿಸ್ಕಿನಲ್ಲಿವೆ. ಮಡಿಕೇರಿಯಲ್ಲಿ ಕೆಲಸದಲ್ಲಿದ್ದಾಗ ತಾತ ಮನೆಗೆ ಬರೆದ ಕಾಗದಗಳ 212 ಪುಟಗಳನ್ನು ಮಾತ್ರ ನಾನು ಲಿನಕ್ಸ್ ಯಂತ್ರದಲ್ಲೇ ಸ್ಕ್ಯಾನ್ ಮಾಡಿ, ಬ್ಯಾಕಪ್ ಡಿಸ್ಕಿನ ‘ಮಡಿಕೇರಿ’ ಎಂಬ ಫೋಲ್ಡರಿಗೆ ಹಾಕಿದ್ದೆ. ಮ್ಯಾಕ್‌ನಲ್ಲಿಯೂ ಅದೇ ಹೆಸರಿನ ಫೋಲ್ಡರಿನಲ್ಲಿ ಅಲ್ಲಿನ ಫೋಟೋಗಳಿದ್ದವು. ಒಂದು ಕಡೆಯ ಕಡತಗಳನ್ನು ಇನ್ನೊಂದು ಕಡೆಗೆ ನಕಲು ಮಾಡಿ ಹೊಂದಿಸುವ ಆರ್‌ಸಿಂಕ್ ಎಂಬ ಉಪಕರಣವನ್ನು ಓಡಿಸಿದರೆ ಇವೆರಡೂ ಒಂದಾಗಬೇಕಿತ್ತು. ಆಗಲಿಲ್ಲ, ಬ್ಯಾಕಪ್ ಡಿಸ್ಕಿನಲ್ಲಿ ‘ಮಡಿಕೇರಿ’ ಎರಡು ಬಾರಿ, ಒಂದರ ಕೆಳಗೊಂದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಾಣಿಸಿಕೊಂಡಿತು. ಮೈಸೂರು, ಶಿವಮೊಗ್ಗ, ಗೋಕರ್ಣ, ಬೇಲೂರುಗಳೂ ಎರಡೆರಡಾಗಿದ್ದವು. ಹಾಸನ, ತುಮಕೂರು, ಬಾದಾಮಿ ಮಾತ್ರ ಒಂದೊಂದೇ ಇದ್ದವು.

ಕನ್ನಡದ ಪಠ್ಯದಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳು ನುಸುಳಿಕೊಳ್ಳುವುದನ್ನು ಹಲವು ಬಾರಿ ಕಂಡಿದ್ದೇನೆ. ಹಾಗಾಗಿ ಮೊದಲ ಅನುಮಾನ ಅವುಗಳ ಮೇಲೆಯೇ ಬಿತ್ತು. ಆದರೆ ಮಡಿಕೇರಿಯಲ್ಲಿ ಅವು ಸೇರಿಕೊಳ್ಳುವುದಕ್ಕೆ ಒಂದು ಒತ್ತಕ್ಷರವೂ ಇಲ್ಲ. ಎರಡೂ ಫೈಲ್ ಸಿಸ್ಟಂಗಳು ಸಮಯವನ್ನು ಬರೆದಿಡುವ ಸೂಕ್ಷ್ಮತೆ ಬೇರೆ ಬೇರೆಯಾದ್ದರಿಂದ ಅದನ್ನೂ ಶಂಕಿಸಿದೆ. ಸಮಯದ ವ್ಯತ್ಯಾಸದಿಂದ ಕಡತಗಳು ಮರುನಕಲಾಗಬಹುದೇ ಹೊರತು ಫೋಲ್ಡರುಗಳು ಎರಡಾಗಲಾರವು. ಕೊನೆಗೆ ಹೆಸರುಗಳನ್ನು ಬೈಟುಗಳನ್ನು ಸಂಕೇತಗಳಾಗಿ ತೋರಿಸುವ ಹೆಕ್ಸ್‌ಡಂಪ್ ಮೂಲಕ ಬೈಟುಗಳಾಗಿ ತೆಗೆದು ನೋಡಿದಾಗ ಒಂದು ಮಡಿಕೇರಿಗೆ 21 ಬೈಟು, ಇನ್ನೊಂದಕ್ಕೆ 24 ಬೈಟು ಇತ್ತು. ಮೊದಲನೆಯದರಲ್ಲಿ ‘ಕ’ದ ನಂತರ ‘ಇ0 ಬಿ3 87’ ಎಂದಿದ್ದರೆ, ಎರಡನೆಯದರಲ್ಲಿ ಅದೇ ಜಾಗದಲ್ಲಿ ‘ಇ0 ಬಿ3 86’ ಮತ್ತು ‘ಇ0 ಬಿ3 95’ ಎಂಬ ಎರಡು ತುಂಡುಗಳಿದ್ದವು.

ಶಾಲೆಯಲ್ಲಿ ಕಾಗುಣಿತ ಒಪ್ಪಿಸಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ‘ಕೇ’ ಎಂಬುದನ್ನು ನಾವು ‘ಏತ್ವದ ದೀರ್ಘ’ ಎಂದು ಓದುತ್ತಿದ್ದೆವು. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್ ಕೂಡ ಅದನ್ನು ಎರಡು ರೀತಿಯಲ್ಲಿ ಬರೆಯಲು ಬಿಡುತ್ತದೆ: ಇಡಿಯಾದ ಒಂದೇ ಚಿಹ್ನೆಯಾಗಿ, ಇಲ್ಲವೇ ಏತ್ವ ಮತ್ತು ದೀರ್ಘವನ್ನು ಬಿಡಿಸಿ ಎರಡಾಗಿ. ‘ಕೀ’, ‘ಕೈ’, ‘ಕೊ’ಗಳೂ ಹೀಗೆಯೇ ಎರಡಾಗಿ ಒಡೆಯುತ್ತವೆ, ‘ಕೋ’ದಲ್ಲಿ ಏತ್ವ, ಕೊಂಬಿನ ದೀರ್ಘ, ಅದರ ಮೇಲೆ ಇನ್ನೊಂದು ದೀರ್ಘ ಎಂದು ಮೂರು ತುಂಡುಗಳಾಗುತ್ತವೆ. ‘ಕಾ’, ‘ಕಿ’, ‘ಕು’, ‘ಕೂ’, ‘ಕೌ’ಗಳಿಗೆ ಬಿಡಿಸಿದ ರೂಪವೇ ಇಲ್ಲ, ಆದ್ದರಿಂದ ತುಮಕೂರು ಪಾರಾಯಿತು, ಮೈಸೂರು ಸಿಕ್ಕಿಬಿದ್ದಿತು. ಎಚ್‌ಎಫ್‌ಎಸ್ ಪ್ಲಸ್ ಪ್ರತಿಯೊಂದು ಕಡತದ ಹೆಸರನ್ನೂ ಬಿಡಿಸಿದ ರೂಪದಲ್ಲೇ ಇಡುತ್ತದೆ. ಎಕ್ಸ್‌ಟ್4 ಆದರೋ, ತನಗೆ ಕೊಟ್ಟ ಬೈಟುಗಳನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತದೆ. ಅದರ ಕಣ್ಣಿಗೆ ಇವು ಎರಡು ಬೇರೆ ಊರುಗಳು.

ಇದರ ಜೊತೆಗೆ ಇನ್ನೊಂದು ಅಪಾಯವೂ ಕಾದಿತ್ತು. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲೂ ಅಳಿಸು ಎಂಬ ‘ಡಿಲೀಟ್’ ಆಯ್ಕೆಯನ್ನು ನಾನು ಆರ್‌ಸಿಂಕ್‌ಗೆ ಕೊಡಲಿದ್ದೆ. ಅಭ್ಯಾಸಬಲದಿಂದ ಮೊದಲು ‘ಡ್ರೈ ರನ್’ (ಏನನ್ನೂ ಬದಲಿಸದ ತಾಲೀಮು) ಮಾಡಿದ್ದರಿಂದ, ತಾತನ 212 ಪುಟಗಳೂ ಒಂದೊಂದಾಗಿ ಅಳಿಸಬೇಕಾದವುಗಳ ಪಟ್ಟಿಯಲ್ಲಿ ಇಳಿದು ಬರುವುದನ್ನು ಪರದೆಯ ಮೇಲೆ ನೋಡಿದೆ. ಅವರ ಕೈಬರಹದ ಮೂಲ ಹಾಳೆಗಳಲ್ಲಿ ಅರ್ಧದಷ್ಟನ್ನು ಆಗಲೇ ಗೆದ್ದಲು ತಿಂದಿದೆ. ಅಂದು ರಾತ್ರಿ ಮತ್ತೇನನ್ನೂ ಮುಟ್ಟದೆ ಯಂತ್ರ ಆರಿಸಿ ಮಲಗಿದೆ.

ಹೆಸರುಗಳನ್ನು ನಡುವೆಯೇ ಪರಿವರ್ತಿಸುವ ‘ಐಕಾನ್ವ್’ ಆಯ್ಕೆ ಆರ್‌ಸಿಂಕ್‌ಗೆ ಬಂದದ್ದು 2008ರ 3.0.0 ಆವೃತ್ತಿಯಲ್ಲಿ, ನನ್ನ ಮ್ಯಾಕ್‌ನ ಜೊತೆಗೆ ಬಂದಿರುವುದು ಅದಕ್ಕಿಂತ ಹಳೆಯದಾದ 2.6.9. ಮ್ಯಾಕ್‌ನಲ್ಲೇ ಹೆಸರು ತಿದ್ದೋಣವೆಂದರೆ ಆ ಡಿಸ್ಕು ಮತ್ತೆ ಬಿಡಿಸಿಯೇ ಇಡುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆ ಲಿನಕ್ಸ್ ಕಡೆಗೆ ತಂದು, ಅಲ್ಲಿಯೇ ಕೂಡಿಸಿದ ರೂಪಕ್ಕೆ ತಿರುಗಿಸಿ, ಇನ್ನು ಮುಂದೆ ಅದನ್ನೇ ಮೂಲವೆಂದು ಇಟ್ಟುಕೊಳ್ಳಲು ನಿರ್ಧರಿಸಿದೆ. ಇದಕ್ಕೆ ಕಡತಗಳ ಹೆಸರಿನ ರೂಪ ಬದಲಿಸುವ ಕಾನ್ವ್‌ಎಂವಿ ಬಹಳ ಒಳ್ಳೆಯ ಉಪಕರಣ. ‘ನೋಟೆಸ್ಟ್’ ಎಂದು ಹೇಳುವವರೆಗೆ ಅದು ಏನನ್ನೂ ಬದಲಿಸದೆ ಏನು ಮಾಡಲಿದ್ದೇನೆಂದು ತೋರಿಸುತ್ತದಷ್ಟೇ. ಕಡತಗಳನ್ನು ಮುಟ್ಟುವ ಪ್ರತಿಯೊಂದು ಉಪಕರಣಕ್ಕೂ ಈ ಶಿಸ್ತು ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೋಡಿ ಫೋಲ್ಡರುಗಳನ್ನು ಅದು ತಾನಾಗಿ ಬೆಸೆಯಲಿಲ್ಲ. ಒಂದರೊಳಗಿನ ಕಡತಗಳನ್ನು ಇನ್ನೊಂದಕ್ಕೆ ನಕಲು ಮಾಡಿ, ಎರಡು ಕಡತಗಳು ಒಂದೇ ಎಂದು ಪರೀಕ್ಷಿಸಲು ಲೆಕ್ಕಹಾಕುವ ಎಸ್‌ಎಚ್‌ಎ256 ಮೊತ್ತಗಳು ತಾಳೆಯಾದ ಮೇಲೆಯೇ ಹಳೆಯದನ್ನು ಅಳಿಸಿದೆ.

ಈ ನಕಲಿಗೆ ಒಂದು ಹಗಲು ಹೆಚ್ಚು ಹಿಡಿದದ್ದಕ್ಕೆ ಕೇಬಲ್ ಕಾರಣ. ಯುಎಸ್‌ಬಿ 3 ಎಂದು ಹೇಳಿ ಅಂಗಡಿಯವರು ಕೊಟ್ಟದ್ದು ಯುಎಸ್‌ಬಿ 2ರ ಕೇಬಲ್. ವೇಗ ಸೆಕೆಂಡಿಗೆ 38 ಎಂಬಿ ದಾಟಲಿಲ್ಲ. ಬದಲಿಸಿ ಕೊಡಿ ಎಂದು ಕೇಳಿದಾಗ ‘ಎಲ್ಲಾ ಒಂದೇ ಸಾರ್, ಚಾರ್ಜ್ ಆಗುತ್ತೆ’ ಎಂಬ ಉತ್ತರ ಬಂದಿತು. ತಾವು ಮಾರುವ ವಸ್ತು ಏನೆಂದು ತಿಳಿದುಕೊಳ್ಳುವುದು ಮಾರುವವರ ಕರ್ತವ್ಯವಲ್ಲವೇ?

ಮುಂದಿನ ಕೆಲಸ ಅಜ್ಜಿಯ ಹಾಡುಗಳ 14 ಕ್ಯಾಸೆಟ್‌ಗಳದ್ದು. ಡೆಕ್ಕಿನ ಬೆಲ್ಟ್ ಸವೆದು ಜಾರುತ್ತಿದೆ, ಹೊಸದನ್ನು ಹುಡುಕುತ್ತಿದ್ದೇನೆ. ಪರೀಕ್ಷೆಗೆಂದು ಹಿಂದೆಯೇ ಮ್ಯಾಕ್‌ನಲ್ಲಿ ಧ್ವನಿಮುದ್ರಿಸಿದ ಮೂರು ಹಾಡುಗಳಿಗೆ ಅವುಗಳ ಮೊದಲ ಎರಡು ಸಾಲುಗಳನ್ನೇ ಹೆಸರಾಗಿ ಕೊಟ್ಟಿದ್ದೆ. ಆ ಮೂರು ಕಡತಗಳು ಮಾತ್ರ ಹೆಸರು ಉದ್ದವಾಯಿತೆಂಬ ದೋಷದೊಂದಿಗೆ ಮ್ಯಾಕ್‌ನಲ್ಲೇ ಉಳಿದಿವೆ. ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಹೆಸರಿನ ಉದ್ದಕ್ಕಿರುವ 255ರ ಮಿತಿಯನ್ನು ಎಣಿಸುವುದು 16 ಬಿಟ್‌ಗಳ ಘಟಕಗಳಲ್ಲಿ, ಎಕ್ಸ್‌ಟ್4ರಲ್ಲಿ ಬೈಟುಗಳಲ್ಲಿ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟು ಬೇಕಾದ್ದರಿಂದ 85ಕ್ಕೇ ಮಿತಿ ಮುಟ್ಟುತ್ತದೆ. ಸಾಲುಗಳನ್ನು ಪೂರ್ತಿಯಾಗಿ ಒಂದು ಪಠ್ಯ ಕಡತದಲ್ಲಿ ಬರೆದು ಹಾಡಿನ ಪಕ್ಕದಲ್ಲೇ ಇಟ್ಟು, ಹೆಸರಿಗೆ ಪಲ್ಲವಿಯ ಮೊದಲ ನಾಲ್ಕು ಪದಗಳನ್ನಷ್ಟೇ ಉಳಿಸುತ್ತೇನೆ. ಒಂದು ಹಾಡಿನ ಎರಡನೇ ಸಾಲು ಸ್ಪಷ್ಟವಾಗಿ ಕೇಳುತ್ತಿಲ್ಲ; ಭಾನುವಾರ ಊರಿಗೆ ಹೋದಾಗ ಚಿಕ್ಕಮ್ಮನವರಿಂದ ಹೇಳಿಸಿಕೊಂಡು ಬರೆದುಕೊಳ್ಳಬೇಕು.