ನೂರೇಳು ಸಾವಿರ ಜನರ ನಡುವೆ ಹದಿನೆಂಟು ಇಂಚು

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಕ್ರೀಡಾಂಗಣಗಳಿಗೆ ಅಂಕ ಕೊಡಲು ಕೂತವರು ಮೊದಲು ಕೇಳುವುದು ಎಷ್ಟು ಜನ ಹಿಡಿಸುತ್ತದೆ ಅಂತ. ಲಕ್ಷ ದಾಟಿದವು ಎಂಟಿವೆ, ಎಲ್ಲವೂ ವಿಶ್ವವಿದ್ಯಾಲಯಗಳವು: ಮಿಶಿಗನ್, ಪೆನ್ ಸ್ಟೇಟ್, ಒಹಾಯೊ ಸ್ಟೇಟ್, ಟೆಕ್ಸಸ್ ಎ ಅಂಡ್ ಎಂ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್), ಟೆನೆಸಿ, ಟೆಕ್ಸಸ್, ಅಲಬಾಮಾ. ಒಂದೊಂದೂ ಎರಡೂವರೆ ಚಿನ್ನಸ್ವಾಮಿಯಷ್ಟು. ಆದರೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದವರ ಪಾಲಿಗೆ ಬರುವುದು ಅಲ್ಯುಮಿನಿಯಂ ಬೆಂಚಿನ ಮೇಲೆ ಹದಿನೆಂಟು ಇಂಚಿನ ಆಸುಪಾಸಿನ ಜಾಗ, ಮೂರೂವರೆ ಗಂಟೆ ಹೊತ್ತು. ಅಂಕ ಸಲ್ಲಬೇಕಾದದ್ದು ಆ ಜಾಗಕ್ಕೆ, ಆ ಹೊತ್ತಿಗೆ. ನಮ್ಮ ಗುಂಪಿನ ಅಂಕಪಟ್ಟಿಯಲ್ಲಿ ಸೆಕ್ಷನ್, ಸಾಲು, ತಿಂಗಳು, ಆಟ ಶುರುವಾದ ಗಂಟೆ ಬರೆಯದಿದ್ದರೆ ಆ ಅಂಕ ಲೆಕ್ಕಕ್ಕಿಲ್ಲ.

ಗೆಳೆಯರು ಸೇರಿ ಹೋಗುವುದರ ನಿಜವಾದ ಲಾಭವೂ ಇಲ್ಲೇ ಇದೆ. ಆರು ಜನ ಹೋದರೆ ಆರು ಸೀಟು ಒಟ್ಟಿಗೆ ಹುಡುಕಬಾರದು. ಮೂವರು ಪಕ್ಕದ ಸ್ಟ್ಯಾಂಡಿನ ನಡುಭಾಗದಲ್ಲಿ, ಮೂವರು ಮೂಲೆಯಲ್ಲಿ ಅಥವಾ ಎಂಡ್ ಝೋನ್ (ಚೆಂಡು ಒಯ್ದು ಅಂಕ ಗಳಿಸುವ, ಮೈದಾನದ ತುದಿಯ ಜಾಗ) ಹಿಂದೆ ಕೂರಬೇಕು. ಮರುಮಾರಾಟದ ಟಿಕೆಟುಗಳಲ್ಲಿ ಎರಡು, ಮೂರು ಜೊತೆಯಾಗಿ ಸಿಗುವುದು ಸುಲಭ, ಆರು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಒಟ್ಟು 50 ಅಂಕ: ನೋಟ, ಸದ್ದು, ಹೋಗಿಬರುವ ದಾರಿ, ಆಟಕ್ಕೆ ಮುಂಚಿನ ಸಡಗರ, ಊರು, ಇವಕ್ಕೆ ತಲಾ 10. ಒಬ್ಬರೊಬ್ಬರು ಮಾತಾಡುವ ಮೊದಲೇ ಅಂಕ ಬರೆದುಬಿಡಬೇಕು. ಮಾತು ಶುರುವಾದ ಮೇಲೆ ಬರೆದರೆ ಗುಂಪಿನಲ್ಲಿ ದನಿ ಜೋರಿರುವವನ ಅಂಕವೇ ಎಲ್ಲರ ಅಂಕವಾಗುತ್ತದೆ.

ಅಳತೆಗೋಲಾಗಿ ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂ ತೆಗೆದುಕೊಳ್ಳೋಣ. 1927ರಲ್ಲಿ ಶುರುವಾದದ್ದು, ಈಗ 1,07,601 ಜನ ಹಿಡಿಸುತ್ತದೆ, ಡೆಟ್ರಾಯಿಟ್ ಸುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಹತ್ತಿರ.

ದೂರದಿಂದ ಬರುವವರಿಗೆ ಮೊದಲ ತೊಡಕು ಗಂಟೆಯದು. ಪಂದ್ಯದ ತಾರೀಕು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ, ಶುರುವಾಗುವ ಸಮಯ ಗೊತ್ತಿರುವುದಿಲ್ಲ. ಸೀಸನ್ನಿನ ಮೊದಲ ಕೆಲವು ವಾರ ಬಿಟ್ಟರೆ ಟಿವಿ ಚಾನೆಲ್ಲುಗಳು ಸಾಮಾನ್ಯವಾಗಿ 12 ದಿನ ಮುಂಚೆ ಸಮಯ ಗೊತ್ತುಮಾಡುತ್ತವೆ, ಕೆಲವು ಸಲ ಬರೀ 6 ದಿನ ಮುಂಚೆ. ಈಸ್ಟರ್ನ್, ಅಂದರೆ ಅಮೆರಿಕದ ಪೂರ್ವ ಭಾಗದ ಗಡಿಯಾರದ ಲೆಕ್ಕದಲ್ಲಿ ಮಧ್ಯಾಹ್ನ 12, 3:30 ಅಥವಾ ರಾತ್ರಿ 7:30ರ ಸುಮಾರು. 7:30ರ ಆಟ ಮುಗಿಯುವಾಗ ರಾತ್ರಿ 11 ಆಗಿರುತ್ತದೆ. ಆದ್ದರಿಂದ ವಾಪಸಿನ ವಿಮಾನ ಭಾನುವಾರ ಮಧ್ಯಾಹ್ನಕ್ಕೇ ಇರಲಿ. ಶನಿವಾರ ರಾತ್ರಿಯ ಅಗ್ಗದ ಟಿಕೆಟ್ ಕಂಡು ಆಸೆಪಟ್ಟರೆ ಆಟದ ನಾಲ್ಕು ಭಾಗಗಳಲ್ಲಿ ಕೊನೆಯದನ್ನು, ಕೊನೆಯ ಕ್ವಾರ್ಟರನ್ನು, ಕಳೆದುಕೊಳ್ಳಬೇಕಾಗುತ್ತದೆ. ಕಾಲೇಜು ಊರುಗಳ ಹೋಟೆಲುಗಳು ಪಂದ್ಯದ ವಾರಾಂತ್ಯಕ್ಕೆ ಎರಡು ರಾತ್ರಿ ಕಡ್ಡಾಯ ಅನ್ನುವುದು ಮಾಮೂಲು. 30, 40 ಮೈಲಿ ಆಚೆ, ರದ್ದು ಮಾಡಬಹುದಾದ ಕೋಣೆ ಹಿಡಿಯುವುದು ಜಾಣತನ. ನೋಟರ್ ಡೇಮ್ ವಿಶ್ವವಿದ್ಯಾಲಯದ ಪಂದ್ಯಕ್ಕೆ ಶಿಕಾಗೊ ಕಡೆಯಿಂದ ಸೌತ್ ಬೆಂಡ್‌ಗೆ ಹೋಗುವವರು ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದನ್ನು ಮರೆಯಬಾರದು. ಬೆಳಗ್ಗೆ ಎರಡು ಗಂಟೆಯ ಪ್ರಯಾಣ ಅಂದುಕೊಂಡದ್ದು ಗಡಿಯಾರದಲ್ಲಿ ಮೂರು ಗಂಟೆ ತಿನ್ನುತ್ತದೆ.

ಟಿಕೆಟ್ ಈಗ ಫೋನಿನಲ್ಲೇ. ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುವ ಕಡೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಒಬ್ಬನ ಫೋನಿನಲ್ಲಿ ಆರೂ ಟಿಕೆಟ್ ಇಟ್ಟುಕೊಂಡು ಗೇಟಿನ ಮುಂದೆ ಕಳಿಸಲು ಹೊರಟರೆ, ಲಕ್ಷ ಫೋನುಗಳು ಒಂದೇ ಟವರಿಗೆ ಜೋತುಬಿದ್ದಿರುವ ಹೊತ್ತಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಶುಕ್ರವಾರ ರಾತ್ರಿಯೇ ಅವರವರ ಟಿಕೆಟ್ ಅವರವರಿಗೆ ಕಳಿಸಿ, ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಬೇಕು. ಬ್ಯಾಗಿನ ನಿಯಮ ಬಹಳ ಕಡೆ ಒಂದೇ: ಪಾರದರ್ಶಕ ಪ್ಲಾಸ್ಟಿಕ್ಕಿನದು, 12 ಇಂಚು ಉದ್ದ, 6 ಅಗಲ, 12 ಎತ್ತರ ಮೀರಬಾರದು, ಇಲ್ಲವೇ ಒಂದು ಗ್ಯಾಲನ್ನಿನ ಜಿಪ್‌ಲಾಕ್ ಚೀಲ. ಇದಕ್ಕಿಂತ ಬಿಗಿ ಇರುವ ಕಡೆಯೂ ಇದೆ, ಆ ವಾರದ ನಿಯಮ ಓದಿಕೊಂಡೇ ಹೊರಡಬೇಕು. ಬೈನಾಕ್ಯುಲರ್ ಒಯ್ಯಬಹುದಾದ ಕಡೆಯೂ ಅದರ ಕೇಸನ್ನು ಗೇಟಿನಲ್ಲಿ ತಡೆಯುವುದುಂಟು. ಕೇಸು ಕಾರಿನಲ್ಲೇ ಇರಲಿ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಒಳಗೆ ಸಿಗುವುದು ಪಾಪ್‌ಕಾರ್ನ್, ಪ್ರೆಟ್ಜೆಲ್, ಚೀಸ್ ಸುರಿದ ನಾಚೋಸ್, ಒಂದು ತುಂಡು ಪಿಟ್ಜಾ. ನಾಚೋಸ್ ಮೇಲೆ ಬೀನ್ಸ್ ಇದ್ದರೆ ಹಂದಿಯ ಕೊಬ್ಬು ಸೇರಿದೆಯೇ ಅಂತ ಕೇಳಿ ತಿನ್ನಬೇಕು. ಹಾಗಾಗಿ ಹೊಟ್ಟೆ ತುಂಬಬೇಕಾದದ್ದು ಟೇಲ್‌ಗೇಟಿಂಗ್‌ನಲ್ಲೇ, ಅಂದರೆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು ನಡೆಸುವ ಊಟದಲ್ಲಿ. ಆನ್ ಆರ್ಬರ್‌ನಲ್ಲಿ ಮೇನ್ ಸ್ಟ್ರೀಟ್ ಮತ್ತು ಸ್ಟೇಡಿಯಂ ಬುಲೆವಾರ್ಡ್ ಕೂಡುವಲ್ಲಿನ ಪಯನೀರ್ ಹೈಸ್ಕೂಲಿನ ಮೈದಾನ, ಪಕ್ಕದ ಗಾಲ್ಫ್ ಕೋರ್ಸಿನ ಹುಲ್ಲು ಇದಕ್ಕೆ ಹೆಸರುವಾಸಿ. ಪುಳಿಯೋಗರೆ, ಚಪಾತಿ ರೋಲು ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಮೊಸರನ್ನಕ್ಕೆ ಐಸ್ ಬೇಕೇ ಬೇಕು, ಸೆಪ್ಟೆಂಬರ್ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಬೇಗ ಹುಳಿಯಾಗುತ್ತದೆ. ಇದ್ದಿಲ ಒಲೆ ಹಚ್ಚುವವರು ಆಟಕ್ಕೆ ಒಂದೂವರೆ ಗಂಟೆ ಮುಂಚೆಯಾದರೂ ಅಡುಗೆ ಮುಗಿಸಬೇಕು. ಆರದ ಕೆಂಡ ಕಾರಿನೊಳಗೆ ಇಡುವಂತಿಲ್ಲ, ಹುಲ್ಲಿನ ಮೇಲೆ ಸುರಿಯುವಂತೆಯೂ ಇಲ್ಲ. ಗ್ಯಾಸ್ ಒಲೆಯಾದರೆ ಈ ತಲೆನೋವಿಲ್ಲ.

ಮಿಶಿಗನ್ ಸ್ಟೇಡಿಯಂ ಹೊರಗಿನಿಂದ ಅದರ ಹೆಸರಿನಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬಹುಪಾಲು ನೆಲ ಅಗೆದು ಕೆಳಗೆ ಕಟ್ಟಿದ್ದು. ಗೇಟು ದಾಟಿದರೆ ಕಾಲಿರುವುದು ಮೇಲಿನ ಅಂಚಿನಲ್ಲಿ, ಮೈದಾನ ಅಲ್ಲೆಲ್ಲೋ ಆಳದಲ್ಲಿ. ಸೀಟಿಗೆ ಹೋಗುವುದೆಂದರೆ ಇಳಿಯುವುದು. ತೊಂಬತ್ತಕ್ಕೂ ಹೆಚ್ಚು ಸಾಲು. 20ನೇ ಸಾಲಿನ ಟಿಕೆಟ್ ಇದ್ದವರು ಹತ್ತಾರು ಮೆಟ್ಟಿಲು ಇಳಿದು, ಶೌಚಾಲಯಕ್ಕೆ ಅಷ್ಟನ್ನೂ ಹತ್ತಬೇಕು. ಮಂಡಿನೋವಿರುವ ಅಪ್ಪ ಅಮ್ಮ ಭಾರತದಿಂದ ಬಂದಿದ್ದಾರೆ, ಅವರನ್ನೂ ಕರೆದೊಯ್ಯೋಣ ಅನ್ನುವವರು ದುಡ್ಡು ಹೆಚ್ಚು ಕೊಟ್ಟು ಕೆಳಗಿನ ಸಾಲು ಹಿಡಿಯಬೇಡಿ. 70ರ ಮೇಲಿನ ಸಾಲೇ ಅವರಿಗೆ ಹಿತ.

ಬೆಂಚಿನ ಕಷ್ಟ ಕಾಣಬೇಕಾದರೆ ನವೆಂಬರಿನಲ್ಲಿ ಹೋಗಬೇಕು. ಸೀಟಿನ ಗಡಿ ಅಂದರೆ ಬೆಂಚಿನ ಮೇಲೆ ಬರೆದ ಒಂದು ಸಂಖ್ಯೆ, ಒಂದು ಗೆರೆ. ಸೆಪ್ಟೆಂಬರಿನಲ್ಲಿ ಟೀಶರ್ಟು ಹಾಕಿದ ಇಪ್ಪತ್ತು ಜನ ಕೂರುವ ಸಾಲಿಗೆ ನವೆಂಬರಿನಲ್ಲಿ ದಪ್ಪ ಕೋಟು ತೊಟ್ಟ ಇಪ್ಪತ್ತು ಜನ ಹಿಡಿಸುವುದಿಲ್ಲ. ಮೊದಲು ಬಂದವರು ಹರಡಿಕೊಂಡಿರುತ್ತಾರೆ, ಕೊನೆಗೆ ಬಂದ ಇಬ್ಬರು ಕೈಯಲ್ಲಿ ಸರಿಯಾದ ಟಿಕೆಟ್ ಇದ್ದೂ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಚಳಿಗಾಲದ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಸೀಟಿನಲ್ಲಿರಬೇಕು ಅನ್ನುವುದು ಇದಕ್ಕೆ. ಅಲ್ಯುಮಿನಿಯಂ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ, ಕೆಳಗೆ ಕಾಂಕ್ರೀಟು ಪಾದದ್ದನ್ನು ಹೀರುತ್ತದೆ. ಕೂರಲು ಒಂದು ಫೋಮ್ ದಿಂಬು, ಕಾಲಡಿಗೆ ಒಂದು ರಟ್ಟಿನ ತುಂಡು ಇದ್ದರೆ ಎರಡು ಜೊತೆ ಸಾಕ್ಸಿಗಿಂತ ಮೇಲು. ಕೈ ಬೆಚ್ಚಗಿಡುವ ಪೊಟ್ಟಣಗಳನ್ನು ಶೂ ಒಳಗೆ ತುರುಕಿದರೆ ಕೆಲಸ ಮಾಡುವುದಿಲ್ಲ. ಅದರೊಳಗಿನ ಕಬ್ಬಿಣದ ಪುಡಿ ಬಿಸಿಯಾಗಲು ಗಾಳಿ ಬೇಕು, ಬಿಗಿದ ಶೂನಲ್ಲಿ ಗಾಳಿಯಿಲ್ಲ. ಪಾದಕ್ಕೆಂದೇ ಬೇರೆ ಬರುತ್ತವೆ, ಅವನ್ನೇ ಕೊಳ್ಳಬೇಕು.

ನೋಟದ ಅಂಕಕ್ಕೆ ಬರೋಣ. ಮೊದಲ ಹತ್ತು ಸಾಲು ಮೈದಾನಕ್ಕೆ ಹತ್ತಿರ, ಅದಕ್ಕೇ ಚೆನ್ನ ಅಂತ ಕೊಳ್ಳುವವರು ಬಹಳ. ನಡುಭಾಗದಲ್ಲಿ ಗೆರೆಯಾಚೆ ನೂರರಷ್ಟು ಆಟಗಾರರು, ತರಬೇತುದಾರರು ನಿಂತೇ ಇರುತ್ತಾರೆ. ಅವರ ಬೆನ್ನು ನೋಡುತ್ತಾ ಕೂರಬೇಕಾಗುತ್ತದೆ. ಕೆಳಗಿನ ಸಾಲೇ ಬೇಕೆಂದರೆ 20 ಯಾರ್ಡ್ ಗೆರೆಯಿಂದಾಚೆ, ಮೂಲೆಯ ಕಡೆ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಹಣಕ್ಕೆ ತಕ್ಕ ನೋಟ ಮೂಲೆಯ 30ರಿಂದ 50ನೇ ಸಾಲಿನದು. ಹನ್ನೊಂದು ಜನ ಎದುರು ಹನ್ನೊಂದು ಜನ ನಿಂತ ಬಗೆ, ಓಡುವವನಿಗೆ ಸಂದು ತೆರೆಯುವುದು, ದೂರದ ಪಾಸು ಬಿಡಿಸಿಕೊಂಡು ಹೋಗುವುದು, ಮೂರೂ ಕಾಣುತ್ತವೆ. ಎಂಡ್ ಝೋನ್ ಹಿಂದಿನ ಎತ್ತರದ ಸೀಟು ಅಗ್ಗ. ಅಲ್ಲಿಂದ ಸಂದು ತೆರೆಯುವುದು ಇನ್ನೂ ಸ್ಪಷ್ಟ, ಆದರೆ ಚೆಂಡು 3 ಯಾರ್ಡ್ ಹೋಯಿತೋ 8 ಯಾರ್ಡ್ ಹೋಯಿತೋ ತಿಳಿಯುವುದಿಲ್ಲ. ನಾಲ್ಕು ಅವಕಾಶದಲ್ಲಿ 10 ಯಾರ್ಡ್ ದಾಟಬೇಕಾದ ಆಟದಲ್ಲಿ ಅದು ಸಣ್ಣ ಕೊರತೆಯಲ್ಲ.

ಬಿಸಿಲೂ ನೋಟದ ಲೆಕ್ಕಕ್ಕೇ ಸೇರುತ್ತದೆ. ಹೆಚ್ಚಿನ ಮೈದಾನಗಳು ಉತ್ತರ ದಕ್ಷಿಣವಾಗಿ ಮಲಗಿವೆ. ಪಶ್ಚಿಮದ ಸ್ಟ್ಯಾಂಡಿನವರಿಗೆ ಮಧ್ಯಾಹ್ನದ ಸೂರ್ಯ ಬೆನ್ನಿಗೆ, ಅಲ್ಲಿ ಮೊದಲು ನೆರಳು ಬೀಳುತ್ತದೆ. ಪೂರ್ವದವರಿಗೆ ನೇರ ಕಣ್ಣಿಗೆ. ಸೆಪ್ಟೆಂಬರಿನ 3:30ರ ಆಟದಲ್ಲಿ ಪೂರ್ವದ ಸೀಟು ಅಂದರೆ ಮೊದಲರ್ಧವಿಡೀ ಹುಬ್ಬಿನ ಮೇಲೆ ಕೈ. ಅದೇ ಸೀಟು ನವೆಂಬರ್ 12 ಗಂಟೆಯ ಆಟಕ್ಕೆ ವರ, ಬಿಸಿಲೇ ಹೊದಿಕೆ. ಒಂದೇ ಜಾಗಕ್ಕೆ ಎರಡು ಅಂಕ ಬರುವುದು ಹೀಗೆ.

ಸದ್ದು ಜನಸಂಖ್ಯೆಯಿಂದ ಹುಟ್ಟುತ್ತದೆ ಅಂದುಕೊಂಡರೆ ತಪ್ಪು, ಗೋಡೆಯಿಂದ ಹುಟ್ಟುತ್ತದೆ. ಆನ್ ಆರ್ಬರ್‌ನದು ಅಗಲವಾದ, ಇಳಿಜಾರು ಕಡಿಮೆಯ ಬೋಗುಣಿ. ಕೂಗು ಆಕಾಶಕ್ಕೆ ಹೋಗಿಬಿಡುತ್ತಿತ್ತು. 2010ರಲ್ಲಿ ಎರಡೂ ಪಕ್ಕ ಐಷಾರಾಮಿ ಕೋಣೆಗಳ ಎತ್ತರದ ಕಟ್ಟಡ ಎದ್ದ ಮೇಲೆ ಅವು ಕೂಗನ್ನು ಒಳಕ್ಕೆ ತಿರುಗಿಸುತ್ತಿವೆ. ಸಿಯಾಟಲ್‌ನ ಹಸ್ಕಿ ಸ್ಟೇಡಿಯಂ ಇದರ ಮುಂದೆ ಚಿಕ್ಕದು, ಆದರೆ ಎರಡೂ ಪಕ್ಕದ ಸ್ಟ್ಯಾಂಡುಗಳ ಮೇಲೆ ಚಾಚಿದ ಚಾವಣಿ ಸದ್ದನ್ನು ಮೈದಾನಕ್ಕೇ ಬಡಿಯುತ್ತದೆ. ಫೋನಿನ ಡೆಸಿಬಲ್ ಆ್ಯಪ್ ನಂಬಿ ಅಂಕ ಕೊಡಬಾರದು. ಆ ಮೈಕು ಮಾತಿಗೆಂದು ಮಾಡಿದ್ದು, ಇಷ್ಟು ಗದ್ದಲದಲ್ಲಿ ಅದರ ಅಳತೆ ಕೆಡುತ್ತದೆ. ನಾವು ನೋಡುವುದು ಎದುರಾಳಿ ತಂಡದ ಫಾಲ್ಸ್ ಸ್ಟಾರ್ಟ್‌ಗಳನ್ನು. ದಾಳಿ ನಡೆಸುವ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್, ಕೂಗುವುದು ಕೇಳಿಸದೆ ಯಾರೋ ಒಬ್ಬ ಮೊದಲೇ ಕದಲಿದರೆ 5 ಯಾರ್ಡ್ ದಂಡ. 2024ರಿಂದ ದೊಡ್ಡ ಕಾಲೇಜು ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿಗೆ ತರಬೇತುದಾರನ ದನಿ ತಲುಪುವ ರೇಡಿಯೊ ಬಂದಿದೆ. ಮುಂದಿನ ಯತ್ನ ಶುರುಮಾಡಲು ಕೊಡುವ 40 ಸೆಕೆಂಡಿನ ಗಡಿಯಾರದಲ್ಲಿ 15 ಉಳಿದಾಗ ಅದು ಕಡಿದುಹೋಗುತ್ತದೆ. ಜನರ ಕೂಗು ಕಚ್ಚುವುದು ಆ ಕೊನೆಯ 15 ಸೆಕೆಂಡಿನಲ್ಲಿ. ತಮ್ಮ ತಂಡದ ಕೈಗೆ ಚೆಂಡು ಬಂದಾಗ ಅದೇ ಜನ ತಟ್ಟನೆ ಸುಮ್ಮನಾಗುತ್ತಾರೆ. ಹೊಸಬರು ಆಗ ಕೂಗಬಾರದು, ಅಕ್ಕಪಕ್ಕದವರು ನಯವಾಗಿಯೇ ತಿದ್ದುತ್ತಾರೆ.

ವಿರಾಮ 20 ನಿಮಿಷ. ಎಲ್ಲರೂ ಏಳುವುದು ಆಗಲೇ, ಆದ್ದರಿಂದ ಏಳಬೇಡಿ. ಎರಡನೇ ಕ್ವಾರ್ಟರಿನ ನಡುವೆ ಹೋಗಿಬಂದರೆ ಸಾಲು ಸಣ್ಣದು, ಬ್ಯಾಂಡೂ ತಪ್ಪುವುದಿಲ್ಲ. ಬ್ಯಾಂಡಿನ ವಿಷಯಕ್ಕೆ ಕೊಲಂಬಸ್‌ನ ಒಹಾಯೊ ಸ್ಟೇಡಿಯಂಗೆ ಪೂರಾ ಅಂಕ. ವಾದಕರು ಒಬ್ಬರ ಹಿಂದೊಬ್ಬರು ನಡೆಯುತ್ತಾ ಕೂಡಕ್ಷರದಲ್ಲಿ ಆ ರಾಜ್ಯದ ಹೆಸರು ಬರೆಯುತ್ತಾರೆ, ಕೊನೆಗೆ ಸೂಸಫೋನ್ ಎಂಬ ದೊಡ್ಡ ಕಹಳೆ ಹೊತ್ತವರೊಬ್ಬರು ಬಂದು ಐ ಅಕ್ಷರದ ಚುಕ್ಕಿಯಾಗಿ ನಿಲ್ಲುತ್ತಾರೆ. ಎತ್ತರದಲ್ಲಿ ಕೂತವರಿಗೆ ಅಕ್ಷರ ಕಾಣುತ್ತದೆ, ಕೆಳಗಿನವರಿಗೆ ಬರೀ ಕಾಲುಗಳು.

ಉಳಿದವುಗಳಲ್ಲಿ ಎಲ್‌ಎಸ್‌ಯು ಇರುವ ಬ್ಯಾಟನ್ ರೂಜ್‌ಗೆ ರಾತ್ರಿ ಆಟಕ್ಕೇ ಹೋಗಬೇಕು. 1988ರ ಅಕ್ಟೋಬರ್ 8ರ ರಾತ್ರಿ ಆಬರ್ನ್ ವಿರುದ್ಧದ ಗೆಲುವಿನ ಟಚ್‌ಡೌನಿಗೆ (ಚೆಂಡು ಎಂಡ್ ಝೋನ್ ತಲುಪಿದ್ದಕ್ಕೆ) ಎದ್ದ ಕುಣಿತ ಕ್ಯಾಂಪಸ್ಸಿನ ಭೂಕಂಪಮಾಪಕದಲ್ಲಿ ದಾಖಲಾಯಿತು. ಟೆನೆಸಿ ತಂಡದ ಊರು ನಾಕ್ಸ್‌ವಿಲ್‌ನಲ್ಲಿ ನದಿಯ ದೋಣಿಗಳಲ್ಲೇ ಟೇಲ್‌ಗೇಟಿಂಗ್ ನಡೆಯುತ್ತದೆ, ಸಡಗರಕ್ಕೆ 10. ವಿಸ್ಕಾನ್ಸಿನ್ ತಂಡದ ಊರು ಮ್ಯಾಡಿಸನ್‌ನಲ್ಲಿ ಮೂರನೇ, ನಾಲ್ಕನೇ ಕ್ವಾರ್ಟರ್ ನಡುವೆ ಇಡೀ ಸ್ಟ್ಯಾಂಡು ಜಿಗಿಯುವ ಪದ್ಧತಿ 1998ರಿಂದ ಇದೆ. ಟೆಕ್ಸಸ್ ಎ ಅಂಡ್ ಎಂ ಇರುವ ಕಾಲೇಜ್ ಸ್ಟೇಷನ್ ಊರಿನಲ್ಲಿ ವಿದ್ಯಾರ್ಥಿಗಳು ಆಟವಿಡೀ ನಿಂತಿರುತ್ತಾರೆ, ಆ ಸೆಕ್ಷನ್ನಿನ ಟಿಕೆಟ್ ಕೊಂಡರೆ ನೀವೂ ನಿಲ್ಲಬೇಕು. ಪ್ಯಾಸಡೀನಾದ ರೋಸ್ ಬೌಲ್ ಸ್ಟೇಡಿಯಂ ಸುತ್ತಿನ ಬೆಟ್ಟಗಳ ಸಂಜೆಗೆಂಪಿಗೆ ಎಷ್ಟು ಕೊಟ್ಟರೂ ಕಡಿಮೆಯೇ, ಆದರೆ ಅಲ್ಲಿ ಆಡುತ್ತ ಬಂದಿರುವ ಯುಸಿಎಲ್‌ಎ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಿಂದ 25 ಮೈಲಿಯಷ್ಟು ದೂರ. ಕಾಲೇಜು ಊರಿನ ನಡುವೆ ನಡೆದುಹೋಗುವ ಸುಖ ಅಲ್ಲಿಲ್ಲ, ಊರಿನ ಅಂಕದಲ್ಲಿ ಅದು ಪೆಟ್ಟು ತಿನ್ನುತ್ತದೆ. ಬಾಸ್ಟನ್‌ನಲ್ಲಿರುವ 1903ರ ಹಾರ್ವರ್ಡ್ ಸ್ಟೇಡಿಯಂ ವಿಷಯದಲ್ಲಿ ನಮ್ಮಲ್ಲೇ ಜಗಳವಿದೆ. ಆಟಗಾರರ ಸಾವುಗಳಿಂದ ಕಳವಳಗೊಂಡು ಮೈದಾನ ಅಗಲ ಮಾಡಬೇಕೆಂದು ಹೊರಟಾಗ ಈ ಕಾಂಕ್ರೀಟು ಕಟ್ಟಡ ಅದಕ್ಕೆ ಅಡ್ಡ ಬಂತು, 1906ರಲ್ಲಿ ಮುಂದಕ್ಕೆ ಎಸೆಯುವ ಪಾಸಿಗೆ ಒಪ್ಪಿಗೆ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ. ಆ ಚರಿತ್ರೆಗೆ ಅಂಕ ಬೇಕು ಅನ್ನುವವರಿದ್ದಾರೆ. ಸೀಟಿನಿಂದ ಕಾಣದ್ದಕ್ಕೆ ಅಂಕವಿಲ್ಲ ಅನ್ನುವುದು ನನ್ನ ಪಟ್ಟು.

ಮಿಶಿಗನ್‌ನಲ್ಲಿ ಆಟ ಮುಗಿದ ಮೇಲೆ ಲಕ್ಷ ಜನ ಒಟ್ಟಿಗೆ ಮೇಲಕ್ಕೆ ಹತ್ತಬೇಕು, ಹತ್ತಿದವರು ಗೇಟುಗಳ ಕಿರಿದಾದ ಬಾಯಿಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಸ್ಕೋರು ಏನೇ ಇರಲಿ, ಬ್ಯಾಂಡು ನುಡಿಸಿ ಮುಗಿಸುವವರೆಗೆ ಕೂತಿದ್ದರೆ ಮೆಟ್ಟಿಲು ಖಾಲಿಯಾಗುತ್ತದೆ. ಕಾರನ್ನು ಬೆಳಗ್ಗೆಯೇ ಮೂತಿ ಹೊರಗೆ ಮಾಡಿ, ನೀವು ಹೋಗಬೇಕಾದ ಹೆದ್ದಾರಿಯ ಬದಿಗೇ ನಿಲ್ಲಿಸಿರಬೇಕು. ಪೊಲೀಸರು ಆಟದ ನಂತರ ರಸ್ತೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಬಿಡುತ್ತಾರೆ, ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋಗಿ ಊರೆಲ್ಲ ಸುತ್ತಿ ಬರುತ್ತಾರೆ. ಪಕ್ಕದಲ್ಲೇ ಕಾರು ನಿಲ್ಲಿಸಿ ಕೂಡಲೇ ಹೊರಟವರಿಗೆ ದಾರಿಯ ಅಂಕ 10ಕ್ಕೆ 4. ಒಂದೂವರೆ ಮೈಲಿ ದೂರದ ಪೇಟೆಯ ಪಾರ್ಕಿಂಗ್ ಕಟ್ಟಡದಲ್ಲಿ ಬಿಟ್ಟು, ನಡೆದುಹೋಗಿ ಊಟ ಮುಗಿಸಿಕೊಂಡು ಹೊರಟವರಿಗೆ 8.