ಮೆತ್ತಗಾದ ಕೋಡುಬಳೆಗೆ ಯಾರು ಹೊಣೆ?

ಸಕಲೇಶಪುರ, ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ಮನೆಮನೆಯಲ್ಲೂ ಒಂದೇ ಜಗಳ: ಡಬ್ಬದ ಮುಚ್ಚಳ ಸರಿಯಾಗಿ ಹಾಕದವರು ಯಾರು? ಬೈಗುಳ ಬೀಳೋದು ಮಕ್ಕಳಿಗೆ. ಆದರೆ ಎಷ್ಟೋ ಸಲ ತಪ್ಪು ಬಾಣಲೆಯಲ್ಲೇ ಆಗಿರುತ್ತೆ. ಉರಿ ಜೋರಾದರೆ ಕೋಡುಬಳೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತೆ, ಆ ತೇವವೇ ಮರುದಿನ ಮೆತ್ತಗೆ ಮಾಡೋದು. ಎಣ್ಣೆ ಕಾದ ಮೇಲೆ ಹಾಕಿ, ಉರಿ ತಗ್ಗಿಸಿ, ನೊರೆ ಪೂರ್ತಿ ಅಡಗುವ ತನಕ ಕಾಯಬೇಕು. ಬಿಸಿಬಿಸಿ ಡಬ್ಬಕ್ಕೆ ತುಂಬಿದರಂತೂ ಮುಚ್ಚಳದ ಒಳಗೆ ಹಬೆ ಹನಿಗಟ್ಟುತ್ತೆ. ಮೆತ್ತಗಾಗಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ 5–6 ನಿಮಿಷ ಹೊರಳಾಡಿಸಿ. ಆರಿದ ಮೇಲೆ ಗರಿಗರಿ.

ಕದ್ದು ತಿನ್ನೋರಿಗೆ ಪಾಠ ಕಲಿಸ್ತೀವಿ ಅಂತ ಒಂದರೊಳಗೆ ಖಾರದಪುಡಿ ಹುದುಗಿಸಿಡೋ ತಮಾಷೆ ಮಾತ್ರ ನನಗೆ ಸುತರಾಂ ಹಿಡಿಸಲ್ಲ. ಅದು ಅಜ್ಜನ ಕೈಗೂ ಸಿಗಬಹುದಲ್ಲ! ಸಿಕ್ಕಿದರೆ ನೀರು ಕುಡಿಸಿ ಪ್ರಯೋಜನವಿಲ್ಲ, ಖಾರದ ಅಂಶ ನೀರಲ್ಲಿ ಕರಗಲ್ಲ. ಹಾಲೋ ಗಟ್ಟಿ ಮೊಸರೋ ಕೊಡಿ, ಕಣ್ಣುಜ್ಜಲು ಬಿಡಬೇಡಿ. ಸಕ್ಕರೆ ಡಬ್ಬಕ್ಕೆ ಉಪ್ಪು ಬೆರೆಸೋದೂ ಅಷ್ಟೇ: ಹಾಳಾಗೋದು ಒಂದು ಲೋಟ ಕಾಫಿಯಲ್ಲ, ಡಬ್ಬದಲ್ಲಿರೋ ಸಕ್ಕರೆಯಷ್ಟೂ.