'ಮಾಸ್ಟರ್ ಪ್ಲಾನ್' ಎಂದು ಬರೆದರೆ ಮುಗಿಯಿತಲ್ಲವೇ?

ಇಟಲಿಯ ಆಸ್ತಿ ಮತ್ತು ನಗರಯೋಜನೆಯ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ ಎಂದು ತಿಳಿದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. 'ಪಿಯಾನೊ ರೆಗೊಲತೋರೆ ಜೆನೆರಾಲೆ' (ಚಿಕ್ಕದಾಗಿ ಪಿಆರ್‌ಜಿ) ಎಂಬ ಮಾರುದ್ದದ ಹೆಸರನ್ನು ಅನುವಾದದಲ್ಲೂ ಹಾಗೆಯೇ ಉಳಿಸಿ, ಪಕ್ಕದಲ್ಲಿ ಎರಡು ಸಾಲು ವಿವರಣೆ ಬೇರೆ ಕೊಡುತ್ತೀರಲ್ಲ, ಮಾಸ್ಟರ್ ಪ್ಲಾನ್ ಎಂದು ಬರೆದು ಕೈತೊಳೆದುಕೊಳ್ಳಬಾರದೇ?

ಬಾರದು. ಮಾಸ್ಟರ್ ಪ್ಲಾನ್ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಬಿಡಿಎ ಹೊರಡಿಸಿದ ಬಣ್ಣಬಣ್ಣದ ವಲಯಗಳ ನಕ್ಷೆ. ಲಂಡನ್ನಿನವರು ಒಂದು ದೊಡ್ಡ ನಿವೇಶನದಲ್ಲಿ ಕಟ್ಟಡ, ರಸ್ತೆ, ಉದ್ಯಾನ ಎಲ್ಲೆಲ್ಲಿ ಬರಬೇಕೆಂದು ವಾಸ್ತುಶಿಲ್ಪಿ ಬಿಡಿಸಿದ ಚಿತ್ರ ಎಂದುಕೊಳ್ಳುತ್ತಾರೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಅದು ದಿಕ್ಕು ತೋರಿಸುವ ದಾಖಲೆ ಮಾತ್ರ. ಮಾಲೀಕನ ಕೈಕಟ್ಟುವುದು ಅಲ್ಲಿಯ ಝೋನಿಂಗ್ ಕಾಯಿದೆ. 1942ರ 1150ನೇ ಕಾನೂನು ರೂಪಿಸಿದ ಇಟಲಿಯ ಪಿಆರ್‌ಜಿ ಈ ಮೂರರಲ್ಲಿ ಯಾವುದೂ ಪೂರ್ತಿಯಾಗಿ ಅಲ್ಲ. ಅದು ಕೊಮೂನೆಯ, ಅಂದರೆ ಊರಾಡಳಿತದ, ಇಡೀ ಎಲ್ಲೆಯನ್ನು ಹೊಲಗದ್ದೆಗಳ ಸಮೇತ ಆವರಿಸುತ್ತದೆ. ಯಾವ ತುಂಡು ನೆಲದಲ್ಲಿ ಏನನ್ನು ಎಷ್ಟು ಕಟ್ಟಬಹುದು ಎಂದು ನೇರವಾಗಿ ನಿರ್ಧರಿಸುತ್ತದೆ.

ಸಾಲದ್ದಕ್ಕೆ ಈಗ ಹಲವು ಕಡೆ ಪಿಆರ್‌ಜಿ ಎಂಬ ಹೆಸರೇ ಮಾಯವಾಗಿದೆ. ನೆಲದ ಆಡಳಿತದಲ್ಲಿ ಪ್ರಾಂತಗಳಿಗೂ ಕಾನೂನು ಮಾಡುವ ಅಧಿಕಾರವಿರುವುದರಿಂದ ಅದರ ಜಾಗಕ್ಕೆ ಲೊಂಬಾರ್ದಿಯಾ 2005ರಲ್ಲಿ ಮೂರು ದಾಖಲೆಗಳ ಪಿಜಿಟಿ ಎಂಬ ಯೋಜನೆ ತಂದಿತು, ಎಮಿಲಿಯಾ-ರೊಮಾನ್ಯಾ 2017ರಲ್ಲಿ ಪಿಯುಜಿ ಎಂಬುದನ್ನು ತಂದಿತು. ತೊಸ್ಕಾನಾದಲ್ಲಿ 'ಸ್ತ್ರುತ್ತುರಾಲೆ', 'ಒಪೆರತೀವೊ' ಎಂಬ ಎರಡು ಯೋಜನೆಗಳಿವೆ: ಮೊದಲನೆಯದು ದೂರದೃಷ್ಟಿಯದು, ಸಾಮಾನ್ಯವಾಗಿ ಮಾಲೀಕನಿಗೆ ಕಟ್ಟುವ ಹಕ್ಕು ಕೊಡುವುದಿಲ್ಲ, ಎರಡನೆಯದು ಕೊಡುತ್ತದೆ. ಎರಡಕ್ಕೂ ಮಾಸ್ಟರ್ ಪ್ಲಾನ್ ಎಂದರೆ ಅಲ್ಲಿ ಹಳೆಯ ತೋಟದ ಮನೆ ಕೊಳ್ಳಲು ಹೊರಟವನ ಗತಿ ಏನು?

ಇದಕ್ಕಿಂತ ಸೂಕ್ಷ್ಮವಾದದ್ದು 'ಪೆರ್ಮೆಸ್ಸೊ ದಿ ಕೊಸ್ತ್ರುಯಿರೆ', ಅಂದರೆ ಕಟ್ಟಲು ಅನುಮತಿ. ಬಹುತೇಕರು ಇದನ್ನು 'ಪ್ಲಾನಿಂಗ್ ಪರ್ಮಿಷನ್' ಎಂದು ಅನುವಾದಿಸುತ್ತಾರೆ. ಇಂಗ್ಲೆಂಡಿನ ಓದುಗನಿಗೆ ಆ ಎರಡು ಪದಗಳ ಹಿಂದೆ 1947ರ ನಗರಯೋಜನಾ ಕಾಯಿದೆಯೇ ನಿಂತಿದೆ. ಅಂದಿನಿಂದ ಅಲ್ಲಿ ಅಭಿವೃದ್ಧಿಯ ಹಕ್ಕು ಮಾಲೀಕನ ಕೈಯಲ್ಲಿಲ್ಲ. ಕೌನ್ಸಿಲ್ ತನ್ನ ಯೋಜನೆಯನ್ನು ನೋಡುತ್ತದೆ, ನೆರೆಹೊರೆಯವರ ಆಕ್ಷೇಪ ಕೇಳುತ್ತದೆ, ಎಲ್ಲವನ್ನೂ ತೂಗಿ ಹೂಂ ಅಥವಾ ಊಹೂಂ ಎನ್ನುತ್ತದೆ. ಇಟಲಿಯಲ್ಲಿ ಈ ತೂಗಾಟವೆಲ್ಲ ಯೋಜನೆ ತಯಾರಾಗುವಾಗಲೇ ನಡೆದಿರುತ್ತದೆ. ನಾಗರಿಕರು ಲಿಖಿತ ಆಕ್ಷೇಪ ಸಲ್ಲಿಸುವುದೂ ಆಗಲೇ. ಆಮೇಲೆ ನಿಮ್ಮ ನಕ್ಷೆ ಯೋಜನೆಗೂ ಕಟ್ಟಡ ನಿಯಮಗಳಿಗೂ ಹೊಂದಿದರೆ ಕಚೇರಿ ಅನುಮತಿ ಕೊಡಲೇಬೇಕು, ಹೊಂದದಿದ್ದರೆ ಕೊಡುವಂತೆಯೇ ಇಲ್ಲ. ಪಕ್ಕದ ಮನೆಯವನು ಮುಖ ಊದಿಸಿಕೊಂಡರೆ ಅದು ಅವನ ಪಾಡು. ಆದ್ದರಿಂದ ನಾನು 'ಬಿಲ್ಡಿಂಗ್ ಪರ್ಮಿಟ್' ಎಂದು ಬರೆಯುತ್ತೇನೆ. ಕಡಲತೀರದಿಂದ 300 ಮೀಟರ್ ಒಳಗಿನ ಜಾಗವಾದರೆ 1985ರ ಗಲಾಸ್ಸೊ ಕಾನೂನಿನಿಂದ ಬಂದ ಭೂದೃಶ್ಯ ರಕ್ಷಣೆಯೂ ಇರುತ್ತದೆ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಅಲ್ಲಿ ಅಧಿಕಾರಿಗಳ ವಿವೇಚನೆಗೆ ಬೇಕಾದಷ್ಟು ಅವಕಾಶವಿದೆ, ಇಂಗ್ಲಿಷಿನವರ ಅನುಭವ ಉಪಯೋಗಕ್ಕೆ ಬರುವುದೂ ಅಲ್ಲೇ.

ಹಳೆಯ ಕಡತಗಳಲ್ಲಿ ಇದೇ ಕಾಗದ 'ಲಿಚೆಂತ್ಸಾ' ಎಂಬ ಹೆಸರಿನಲ್ಲಿದೆ, 1977ರ ನಂತರ 'ಕೊಂಚೆಸ್ಸಿಯೋನೆ', 2001ರ ಕಟ್ಟಡ ಕಾನೂನು ಸಂಹಿತೆಯಿಂದೀಚೆಗೆ 'ಪೆರ್ಮೆಸ್ಸೊ'. ಮೂರನ್ನೂ ಬೇರೆಬೇರೆಯಾಗಿಯೇ ಇಡುತ್ತೇನೆ. ಕಟ್ಟಡ ಯಾವ ಕಾನೂನಿನ ಕಾಲದ್ದು ಎಂದು ಹೆಸರೇ ಹೇಳುತ್ತದೆ.

ಅಂಕಿಗಳನ್ನು ಅನುವಾದಿಸಬೇಕಾಗಿಲ್ಲ ಎಂದು ನಂಬಿದವರಿಗೆ ಒಂದು ಉದಾಹರಣೆ. 1968ರ 1444ನೇ ಸಚಿವಾದೇಶ ಊರನ್ನು ಎ-ಯಿಂದ ಎಫ್‌ವರೆಗೆ ವಲಯಗಳಾಗಿ ವಿಂಗಡಿಸಿತು: ಹಳೆಯ ಊರಿನ ಒಡಲು ಎ, ಕಟ್ಟಡಗಳು ಆಗಲೇ ಇರುವ ಭಾಗ ಬಿ, ಹೊಸ ವಿಸ್ತರಣೆ ಸಿ, ಕೈಗಾರಿಕೆ ಡಿ, ಕೃಷಿ ಇ, ಸಾರ್ವಜನಿಕ ಸೌಕರ್ಯಗಳಿಗೆ ಎಫ್. ಒಂದು ನಿವೇಶನದ ಮುಂದೆ 'ಸೂಚ್ಯಂಕ 1.5' ಎಂದಿರುತ್ತದೆ ಎಂದುಕೊಳ್ಳಿ. ನಮ್ಮ ಕಡೆಯ ಬಿಲ್ಡರ್ ಅದನ್ನು ಎಫ್‌ಎಆರ್ ಎಂದೇ ಓದುತ್ತಾನೆ: 1,000 ಚದರ ಮೀಟರ್ ನೆಲಕ್ಕೆ 1,500 ಚದರ ಮೀಟರ್ ಮನೆ. ಆದರೆ ಇಟಲಿಯ ಈ ಲೆಕ್ಕ ಸಾಂಪ್ರದಾಯಿಕವಾಗಿ ಘನ ಮೀಟರಿನದು. ಸಿಗುವುದು 1,500 ಘನ ಮೀಟರ್ ಗಾತ್ರ. ಮಹಡಿಗೆ 3 ಮೀಟರ್ ಎತ್ತರವೆಂದರೆ ಸುಮಾರು 500 ಚದರ ಮೀಟರ್. ಕೊಳ್ಳುವವನ ಲೆಕ್ಕಾಚಾರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮೂಲದಲ್ಲಿ ಬರೇ ಅಂಕಿ ಇದ್ದರೂ ಅಳತೆಯನ್ನು ನಾನು ಬಿಡಿಸಿ ಬರೆಯುತ್ತೇನೆ. ಅಂದಹಾಗೆ ಬಿ ವಲಯವನ್ನು ಅವರು 'ಪೂರ್ಣಗೊಳಿಸುವ ವಲಯ' ಎನ್ನುತ್ತಾರೆ. ಅದನ್ನು 'ಕಂಪ್ಲೀಶನ್ ಝೋನ್' ಮಾಡಿದರೆ ಬ್ರಿಟನ್ನಿನ ವಕೀಲರು ತಲೆ ಕೆರೆದುಕೊಳ್ಳುತ್ತಾರೆ. ಅಲ್ಲಿ ಕಂಪ್ಲೀಶನ್ ಎಂದರೆ ಹಣ ಕೊಟ್ಟು ಬೀಗದಕೈ ಪಡೆಯುವ ದಿನ.

ಅದೇ ಆದೇಶದಿಂದ ಬಂದ ಇನ್ನೊಂದು ಪದ 'ಸ್ತಾಂದರ್ದ್'. ಇದು ಗುಣಮಟ್ಟದ ಮಾತಲ್ಲ, ನೆಲದ ಮಾತು. ಪ್ರತಿ ನಿವಾಸಿಗೆ ಕನಿಷ್ಠ 18 ಚದರ ಮೀಟರ್ ಸಾರ್ವಜನಿಕ ಜಾಗ ಇರಬೇಕು, ಅದರಲ್ಲಿ 9 ಹಸಿರು ಮತ್ತು ಆಟಕ್ಕೆ, 4.5 ಶಾಲೆಗಳಿಗೆ, 2.5 ವಾಹನ ನಿಲುಗಡೆಗೆ, 2 ಇತರ ಸೌಕರ್ಯಗಳಿಗೆ. ಬಿಲ್ಡರ್ ಆ ಜಾಗವನ್ನು ಬಿಟ್ಟುಕೊಡುವ ಬದಲು ಹಣ ಕಟ್ಟಲು ಕೊಮೂನೆ ಒಪ್ಪಿದರೆ ಅದು 'ಮೊನೆತಿತ್ಸಾತ್ಸಿಯೋನೆ'. ಯಂತ್ರಾನುವಾದ ಇದನ್ನು 'ಮಾನದಂಡಗಳ ನಗದೀಕರಣ' ಎಂಬರ್ಥದ ಇಂಗ್ಲಿಷಿಗೆ ತಿರುಗಿಸಿದಾಗ ಪುರಸಭೆ ಬಹಿರಂಗವಾಗಿಯೇ ಲಂಚ ಕೇಳುತ್ತಿದೆಯೇನೋ ಎನಿಸುತ್ತದೆ.

ಕೆಲವು ಕಡೆ ಇಂಗ್ಲಿಷಿಗಿಂತ ಕನ್ನಡವೇ ನನ್ನ ನೆರವಿಗೆ ಬರುತ್ತದೆ. 'ಕತಾಸ್ತೊ' ಎಂದರೆ ಆಸ್ತಿಯನ್ನು ತೆರಿಗೆಗಾಗಿ ದಾಖಲಿಸುವ ವ್ಯವಸ್ಥೆ. ಉತ್ತರದ ಕೆಲವು ಭಾಗಗಳನ್ನು ಬಿಟ್ಟರೆ ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ. ಖಾತೆ ಬೇರೆ, ಕ್ರಯಪತ್ರ ಬೇರೆ ಎಂದು ಅರಿತ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಆದರೆ 'ಲ್ಯಾಂಡ್ ರಿಜಿಸ್ಟ್ರಿ' ಎಂದು ಓದಿದ ಇಂಗ್ಲಿಷಿನವನು ನೆಮ್ಮದಿಯಾಗಿ ಹಣ ಕಟ್ಟಿಬಿಡುತ್ತಾನೆ. ಅನುಮತಿಯಿಲ್ಲದೆ ಜಮೀನು ತುಂಡು ಮಾಡಿ ಮಾರುವ 'ಲೊತ್ತಿತ್ಸಾತ್ಸಿಯೋನೆ ಅಬುಸೀವಾ' ನಮ್ಮ ರೆವೆನ್ಯೂ ಲೇಔಟಿನ ಖಾಸಾ ದಾಯಾದಿ. ಇನ್ನು 'ಕೊಂದೋನೊ' ಥೇಟ್ ಅಕ್ರಮ-ಸಕ್ರಮ: 1985, 1994, 2003, ಮೂರು ಬಾರಿ ಸರ್ಕಾರ ಗಡುವು ಕೊಟ್ಟು, ದಂಡ ಪಡೆದು, ನಿಯಮ ಮೀರಿದ ಕಟ್ಟಡಗಳನ್ನು ಮನ್ನಿಸಿತು.

ಎಚ್ಚರವಿರಬೇಕಾದದ್ದು ಇಲ್ಲಿ. ಕೊಂದೋನೊದಂತೆಯೇ ಕಾಣುವ ಸಾಧಾರಣ 'ಸನತೋರಿಯಾ' ಎಂಬುದು ಬೇರೆ ಇದೆ. ಅದು ನಿಯಮಕ್ಕೆ ಹೊಂದಿಕೊಂಡೇ ಕಟ್ಟಿದ, ಅನುಮತಿಯೊಂದನ್ನು ಮಾತ್ರ ಪಡೆಯದ ಕಟ್ಟಡಕ್ಕೆ. ಹೊಸ ಕಾನೂನು ಬಂದು ಗಡುವು ಕೊಡಲೆಂದು ಕಾಯಬೇಕಿಲ್ಲ. ಎರಡಕ್ಕೂ 'ಆಮ್ನೆಸ್ಟಿ' ಎಂದು ಬರೆದ ಅನುವಾದಗಳನ್ನು ನೋಡಿದ್ದೇನೆ. 'ಕೊಂದೋನೊ ಅರ್ಜಿ ಸಲ್ಲಿಸಲಾಗಿದೆ' ಎಂಬುದನ್ನು 'ಮನ್ನಾ ಆಗಿದೆ' ಎಂದು ತಿರುಗಿಸಿದ್ದನ್ನೂ ನೋಡಿದ್ದೇನೆ. 1985ರ ಅರ್ಜಿಗಳೇ ಇನ್ನೂ ಇತ್ಯರ್ಥವಾಗದೆ ಕೂತಿರುವ ಕಚೇರಿಗಳಿವೆ.

ಕೊನೆಗೆ, ನನ್ನನ್ನು ಹೆಚ್ಚು ಕಾಡುವ ಜೋಡಿ: 'ಅದೊತ್ತಾತೊ' ಮತ್ತು 'ಅಪ್ರೊವಾತೊ'. ನಿಘಂಟು ತೆಗೆದರೆ ಅಡಾಪ್ಟೆಡ್, ಅಪ್ರೂವ್ಡ್. ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಇಂಗ್ಲೆಂಡಿನಲ್ಲಿ ಸ್ಥಳೀಯ ಯೋಜನೆ ಅಡಾಪ್ಟ್ ಆಗುವುದು ಕಟ್ಟಕಡೆಗೆ. ಅಲ್ಲಿಗೆ ಅದು ಜಾರಿಗೆ ಬಂತು ಎಂದರ್ಥ. ಇಟಲಿಯಲ್ಲಿ ಅದೊತ್ತಾತೊ ಎಂಬುದು ಕೌನ್ಸಿಲಿನ ಮೊದಲ ಮತ ಮಾತ್ರ. ಆಮೇಲೆ ಯೋಜನೆಯನ್ನು ಸಾರ್ವಜನಿಕರ ಮುಂದಿಡುತ್ತಾರೆ, ಆಕ್ಷೇಪಗಳು ಬರುತ್ತವೆ, ಅವುಗಳಿಗೆ ಉತ್ತರ ಕೊಡಬೇಕು, ಬದಲಾವಣೆಗಳಾಗಬಹುದು, ಬಳಿಕವೇ ಅಪ್ರೊವಾತೊ. ಹಾಗೆಂದು ಮೊದಲ ಮತಕ್ಕೆ ಬೆಲೆಯಿಲ್ಲವೆಂದೂ ಅಲ್ಲ: ಈ ನಡುವಿನ ಅವಧಿಯಲ್ಲಿ ಹೊಸ ಯೋಜನೆಗೆ ವಿರುದ್ಧವಾದ ಅರ್ಜಿಗಳನ್ನು ಕಾನೂನು ತಡೆಹಿಡಿಯುತ್ತದೆ. ಹಳೆಯ ಯೋಜನೆ ನಿಮಗೆ ಎರಡು ಮಹಡಿ ಕೊಟ್ಟಿರಬಹುದು, ಹೊಸದು ಕೊಡದಿರಬಹುದು. ಆಗ ನಿಮಗೆ ಎರಡರಲ್ಲಿ ಯಾವುದೂ ಇಲ್ಲ, ಕಾಯಬೇಕು. ಇದೆಲ್ಲ ಒಂದೇ ಇಂಗ್ಲಿಷ್ ಪದದೊಳಗೆ ಹಿಡಿಸುವುದಿಲ್ಲವಾದ್ದರಿಂದ ಇಟಾಲಿಯನ್ ಪದವನ್ನೇ ಇಟ್ಟು, 'ಕೌನ್ಸಿಲಿನ ಮೊದಲ ಮತ. ಇನ್ನೂ ಜಾರಿಯಾಗಿಲ್ಲ, ಆದರೆ ಇದಕ್ಕೆ ವಿರುದ್ಧವಾದ ಅರ್ಜಿಗಳನ್ನು ತಡೆಯುತ್ತದೆ' ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕುತ್ತೇನೆ. ತಿದ್ದುವವರು ಉದ್ದವಾಯಿತೆಂದು ಅದನ್ನು ಕತ್ತರಿಸಿ ಕಳುಹಿಸಿದರೆ ಮತ್ತೆ ಸೇರಿಸಿ ಕಳುಹಿಸುತ್ತೇನೆ.